ಮೆಣಸಿನ ದಾರಿಯ ಆಚೆಯ ತುದಿ

ಜೂನ್ 10, ಲಿಸ್ಬನ್

ವಸತಿಗೃಹದ ಒಡತಿ ನನ್ನ ಪಾಸ್‌ಪೋರ್ಟಿನ ವಿವರಗಳನ್ನು ನಿಧಾನವಾಗಿ ಬರೆದುಕೊಂಡು, ಮೇಜಿನ ಖಾನೆಯಿಂದ ಕಬ್ಬಿಣದ ಹಳೆಯ ಚಾವಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, "ಶಾವ್" ಎಂದರು. ಎರಡು ವಿಮಾನಗಳಲ್ಲಿ ಕಳೆದ ರಾತ್ರಿಯ ನಿದ್ದೆಗೇಡೆಲ್ಲ ಆ ಒಂದು ಪದಕ್ಕೆ ಹಾರಿಹೋಯಿತು. ಕುಂದಾಪುರದ ನಮ್ಮ ಮನೆಯಲ್ಲಿ ಕೀಲಿಕೈ ಎಂಬುದು ಪಠ್ಯಪುಸ್ತಕದ ಮಾತಾಗಿತ್ತು. ಬಾಗಿಲಿಗೆ ಬೀಗ ಹಾಕಿ ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದು ಚಾವಿಯನ್ನು. ಈ ಪದ ಪೋರ್ಚುಗೀಸರಿಂದ ಬಂದದ್ದೆಂಬುದು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಗೊತ್ತಿದ್ದ ಸಂಗತಿ ಹೀಗೆ ಅಂಗೈಯ ಮೇಲೆ ತಣ್ಣಗೆ ಕುಳಿತದ್ದು ಇದೇ ಮೊದಲು. ಹದಿನಾರನೆಯ ಶತಮಾನದ ಪೋರ್ಚುಗೀಸರು ಅದನ್ನು 'ಚ'ಕಾರದಿಂದಲೇ ಉಚ್ಚರಿಸುತ್ತಿದ್ದರು. ಆಮೇಲೆ ಲಿಸ್ಬನ್ನಿನವರ ನಾಲಿಗೆಯಲ್ಲಿ ಅದು 'ಶ'ಕಾರವಾಯಿತು, ಕೊನೆಯ ಸ್ವರವೂ ಸವೆದುಹೋಯಿತು. ಅವರು ಬಿಟ್ಟ ಹಳೆಯ ಉಚ್ಚಾರವನ್ನು ನಮ್ಮ ಕರಾವಳಿ ಇನ್ನೂ ಇಟ್ಟುಕೊಂಡಿದೆ.

"ಒಬ್ಳೇ ಹೋಪುದಾ ಅಕ್ಕ?" ಎಂದು ತಮ್ಮ ಕೇಳಿದ್ದ. ಪ್ಯಾರಿಸ್, ರೋಮ್, ಸ್ವಿಟ್ಸರ್ಲೆಂಡುಗಳನ್ನು ಹನ್ನೊಂದು ದಿನಗಳಲ್ಲಿ ಮುಗಿಸುವ ಬಸ್ಸಿನ ಪ್ರವಾಸಕ್ಕೆ ಸೇರಿಕೊಳ್ಳಬೇಕೆಂಬುದು ಅವನ ಸಲಹೆಯಾಗಿತ್ತು. ನನಗೆ ಬೇಕಾಗಿದ್ದುದು ಒಂದೇ ದೇಶದ ನಾಲ್ಕು ಹಳೆಯ ಊರುಗಳು, ಕೈಗೆ ಸಿಕ್ಕಷ್ಟು ಹೊತ್ತು, ಮತ್ತು ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಂತರೂ "ಹೊರಡೋಣವೇ" ಎಂದು ಕೇಳುವವರಿಲ್ಲದ ಸ್ಥಿತಿ. ಷೆಂಗನ್ ವೀಸಾ ಸಿಕ್ಕ ಮೇಲೆ ತಮ್ಮನಿಗೂ ಬೇರೆ ಮಾತು ಉಳಿಯಲಿಲ್ಲ.

ಜೂನ್ 10 ಪೋರ್ಚುಗಲ್ಲಿನ ರಾಷ್ಟ್ರೀಯ ದಿನ. ಅದು ಯುದ್ಧ ಗೆದ್ದ ದಿನವಲ್ಲ, ಸಂವಿಧಾನ ಬಂದ ದಿನವೂ ಅಲ್ಲ. ಲೂಯಿಸ್ ದ ಕಮೊಯಿಂಶ್ ಎಂಬ ಕವಿ 1580ರಲ್ಲಿ ತೀರಿಕೊಂಡ ದಿನ. ಆತ ಗೋವೆಯಲ್ಲಿ ಬದುಕಿ, ವಾಸ್ಕೊ ಡ ಗಾಮನ ಯಾನವನ್ನು ಮಹಾಕಾವ್ಯವಾಗಿಸಿದವನು. ರಜೆಯಾದ್ದರಿಂದ ಅನೇಕ ಅಂಗಡಿಗಳು ಮುಚ್ಚಿದ್ದವು. ನನಗದು ಅನುಕೂಲವೇ ಆಯಿತು. ಸಂಜೆಯವರೆಗೆ ಅಲ್ಫಾಮದ ಮೆಟ್ಟಿಲುಗಳನ್ನು ಹತ್ತಿದೆ, ಇಳಿದೆ, ದಾರಿ ತಪ್ಪಿ ಮತ್ತೆ ಹತ್ತಿದೆ. 1147ರಲ್ಲಿ ಪೋರ್ಚುಗಲ್ಲಿನ ಮೊದಲ ರಾಜ ಅಫೊನ್ಸೊ ಹೆನ್ರಿಕ್ಸ್ ಮೂರ್ ಜನಾಂಗದ ಮುಸ್ಲಿಮರಿಂದ ಈ ನಗರವನ್ನು ಗೆದ್ದುಕೊಳ್ಳುವ ಮೊದಲೇ ಇದ್ದ ಬಡಾವಣೆ ಇದು. ಹೆಸರೇ ಬಿಸಿನೀರಿನ ಬುಗ್ಗೆಯನ್ನು ಸೂಚಿಸುವ ಅರಬ್ಬಿ ಪದದಿಂದ ಬಂದದ್ದು. ಓಣಿಗಳು ಎಷ್ಟು ಇಕ್ಕಟ್ಟೆಂದರೆ, ಎದುರುಬದುರು ಮನೆಗಳವರು ಕಿಟಕಿಯಿಂದ ಕೈಚಾಚಿ ಉಪ್ಪಿನ ಡಬ್ಬಿಯನ್ನು ದಾಟಿಸಬಹುದು. ಹಗ್ಗಗಳಲ್ಲಿ ಒಣಗುತ್ತಿದ್ದ ಬಟ್ಟೆಗಳಿಂದ ಸಾಬೂನಿನ ವಾಸನೆ ಬರುತ್ತಿತ್ತು. ಸಾಬೂನು ಕೂಡ ಇವರಿಂದ ಬಂದ ಮಾತೆನ್ನುವವರುಂಟು. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿಯೊಂದನ್ನು ಶುರುಮಾಡಿದೆ: ಚಾವಿ, ಮೇಜು, ಸಾಬೂನು.

ಸಾಂತ ಲೂಜಿಯ ಇಗರ್ಜಿಯ ಹೊರಗೋಡೆಯಲ್ಲಿ ನೀಲಿ ಬಿಳುಪಿನ ಹೆಂಚುಗಳ ಎರಡು ಚಿತ್ರಗಳಿವೆ. ಒಂದು 1147ರ ಮುತ್ತಿಗೆ. ಇನ್ನೊಂದು, 1755ರ ಭೂಕಂಪಕ್ಕೆ ಮೊದಲಿದ್ದ ಅರಮನೆ ಚೌಕ. ಇಗರ್ಜಿ ಎಂದು ಬರೆದ ಕೂಡಲೇ ಪಟ್ಟಿಗೆ ನಾಲ್ಕನೆಯ ಪದವೂ ಸಿಕ್ಕಿತು.

ರಾತ್ರಿಯ ಊಟ ನನಗೊಂದು ಪಾಠ ಕಲಿಸಿತು. ಕುಳಿತ ತಕ್ಷಣ ಮಾಣಿ ಬ್ರೆಡ್ಡು, ಆಲಿವ್ ಕಾಯಿ, ಚೀಸುಗಳನ್ನು ತಂದಿಟ್ಟಾಗ, ಒಂಟಿಯಾಗಿ ಬಂದ ಹೆಂಗಸಿಗೆ ತೋರಿದ ಆದರವೆಂದು ಭಾವಿಸಿ ಎಲ್ಲವನ್ನೂ ತಿಂದೆ. ಬಿಲ್ಲಿನಲ್ಲಿ ಪ್ರತಿಯೊಂದಕ್ಕೂ ದುಡ್ಡು ಹಾಕಿದ್ದರು. ಅದು ಮೋಸವಲ್ಲ, ಅಲ್ಲಿನ ರೂಢಿ. ಬೇಡವಾದರೆ ಮುಟ್ಟದೆ ಹಿಂದಕ್ಕೆ ಕಳಿಸಬೇಕು. ನಮ್ಮ ಊರಿನಲ್ಲಿ ಎಲೆಗೆ ಬಡಿಸಿದ ಉಪ್ಪಿನಕಾಯಿಗೆ ಯಾರೂ ಲೆಕ್ಕ ಇಡುವುದಿಲ್ಲವೆಂಬ ಸಂಕಟ ಮಾತ್ರ ಮಲಗುವವರೆಗೂ ಹೋಗಲಿಲ್ಲ.

ಜೂನ್ 11, ಬೆಲೆಂ

ತೇಜೊ ನದಿ ಕಡಲು ಸೇರುವ ದಿಕ್ಕಿನಲ್ಲಿ, ನಗರದ ಪಶ್ಚಿಮಕ್ಕೆ ಬೆಲೆಂ ಇದೆ. 1497ರ ಜುಲೈ 8ರಂದು ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. 15ನೇ ನಂಬರಿನ ಟ್ರಾಮಿನಲ್ಲಿ ನಿಂತೇ ಹೋದೆ; ಚೀಲವನ್ನು ಎದೆಗೆ ಅವಚಿಕೊಂಡಿದ್ದೆ, ಏಕೆಂದರೆ ಜೇಬುಗಳ್ಳರ ಬಗ್ಗೆ ಒಡತಿ ಕೈಸನ್ನೆಯಲ್ಲೇ ವಿವರವಾಗಿ ಎಚ್ಚರಿಸಿದ್ದರು.

ಜೆರೊನಿಮುಸ್ ಮಠದ ಮುಂದೆ ನಿಂತಾಗ ಮೊದಲು ಅನಿಸಿದ್ದು ಬೆರಗು. ಎರಡನೆಯದು, ಇದಕ್ಕೆ ದುಡ್ಡು ಕೊಟ್ಟವರು ಯಾರೆಂಬ ಲೆಕ್ಕ. ರಾಜ ಮನುಯೆಲ್ ಹದಿನಾರನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸತೊಡಗಿದಾಗ, ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಇಪ್ಪತ್ತರಲ್ಲೊಂದು ಪಾಲನ್ನು ಇದಕ್ಕೆಂದು ತೆಗೆದಿರಿಸಿದ. ಆ ಪಾಲಿಗೆ 'ಮೆಣಸಿನ ಇಪ್ಪತ್ತನೇ ಪಾಲು' ಎಂದೇ ಹೆಸರಿತ್ತು. ಆ ಮೆಣಸು ಮಲಬಾರಿನದು, ನಮ್ಮ ಘಟ್ಟದ್ದೂ ಹೌದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಸುಮ್ಮನೆ ಅಲ್ಲ. ಗೋವೆಯನ್ನು 1510ರಲ್ಲಿ ಹಿಡಿಯುವಂತೆ ಪೋರ್ಚುಗೀಸ್ ದಳಪತಿ ಅಲ್ಬುಕರ್ಕನನ್ನು ಹುರಿದುಂಬಿಸಿದವನೂ ಹೊನ್ನಾವರದ ತಿಮ್ಮೋಜ. ಪಾಠ ಮಾಡುವಾಗ ಈ ಹೆಸರುಗಳು ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆಗಳಾಗಿದ್ದವು. ಇಲ್ಲಿ ಅವು ಸುಣ್ಣಕಲ್ಲಿನ ಕಂಬಗಳಾಗಿ ನಿಂತಿವೆ.

ಒಳಾಂಗಣದ ಎರಡಂತಸ್ತಿನ ಮೊಗಸಾಲೆಯಲ್ಲಿ ಒಂದು ಕಂಬವನ್ನಷ್ಟೇ ಆರಿಸಿಕೊಂಡು ಬಹಳ ಹೊತ್ತು ನೋಡಿದೆ. ಕಲ್ಲಿನಲ್ಲಿ ಹಗ್ಗ ಹೊಸೆದಿದ್ದಾರೆ. ಎಳೆ ಎಳೆಯೂ ಬೇರೆಯಾಗಿ ಕಾಣುವಂತೆ, ಹುರಿಯ ತಿರುವು ಎಲ್ಲಿಯೂ ತಪ್ಪದಂತೆ, ನಡುವೆ ಒಂದು ಗಂಟು, ಗಂಟಿನ ಕೆಳಗೆ ಸ್ವಲ್ಪ ಸಡಿಲ. ಗಂಗೊಳ್ಳಿಯ ಬಂದರಿನಲ್ಲಿ ದೋಣಿ ಕಟ್ಟುವ ಹಗ್ಗದಲ್ಲಿ ಕಾಣುವ ಸಡಿಲವೇ ಅದು. ಕೆತ್ತಿದವನು ಹಡಗಿನ ಕೆಲಸವನ್ನು ಹತ್ತಿರದಿಂದ ಕಂಡವನೇ ಆಗಿರಬೇಕು. ಹಗ್ಗ, ಹವಳ, ಖಗೋಳ ಅಳೆಯುವ ಬಳೆಗಳ ಗೋಳ ಮುಂತಾದವನ್ನು ದೇವರ ಮನೆಯ ಗೋಡೆಗೆ ತಂದ ಈ ಶೈಲಿಗೆ ರಾಜನ ಹೆಸರಿನಿಂದಲೇ ಮನುಯೆಲಿನ್ ಎನ್ನುತ್ತಾರೆ.

ಇಗರ್ಜಿಯ ಬಾಗಿಲ ಬಳಿ ಡ ಗಾಮನ ಸಮಾಧಿ ಇದೆ, ಎದುರಿಗೆ ಕಮೊಯಿಂಶನದು. ಡ ಗಾಮ ತೀರಿಕೊಂಡದ್ದು 1524ರಲ್ಲಿ ಕೊಚ್ಚಿಯಲ್ಲಿ. ಅಲ್ಲಿ ಹೂತಿದ್ದ ಎಲುಬುಗಳು 1539ರಲ್ಲಿ ಪೋರ್ಚುಗಲ್ಲಿಗೆ ಬಂದವು, 1880ರಲ್ಲಿ ಬೆಲೆಂಗೆ. ಕವಿಯ ಎಲುಬುಗಳು ಕವಿಯವೇ ಹೌದೇ ಎಂಬ ಬಗ್ಗೆ ಮೊದಲಿನಿಂದಲೂ ಅನುಮಾನವಿದೆ. ಜನರು ಡ ಗಾಮನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು, ಒಳಗಿದ್ದ ಹೆಂಗಸರು ಮಕ್ಕಳ ಸಮೇತ, 1502ರಲ್ಲಿ ಮಲಬಾರಿನ ಕಡಲಲ್ಲಿ ಸುಟ್ಟವನೂ ಈತನೇ ಎಂಬುದು ಆ ಹೊತ್ತಿನಲ್ಲಿ ನನ್ನ ಮನಸ್ಸಿನಿಂದ ಹೋಗಲಿಲ್ಲ. ನಾನು ಫೋಟೋ ತೆಗೆಯಲಿಲ್ಲ. ಪ್ರತಿಭಟನೆ ಎಂದೇನೂ ಅಲ್ಲ, ಕೈ ಬರಲಿಲ್ಲ.

ನದಿಯ ದಡದಲ್ಲಿ 1960ರಲ್ಲಿ ಕಟ್ಟಿದ ಶೋಧಯಾನಗಳ ಸ್ಮಾರಕವಿದೆ. ಹಡಗಿನ ಮೂತಿಯಂತೆ ಮೇಲೆದ್ದ ಕಲ್ಲಿನ ಮೇಲೆ ಸಾಲಾಗಿ ನಿಂತ 33 ಆಕೃತಿಗಳಲ್ಲಿ ಹೆಂಗಸು ಒಬ್ಬಳೇ: ಲ್ಯಾಂಕಾಸ್ಟರಿನ ಫಿಲಿಪ್ಪ ಎಂಬ ರಾಣಿ. ಸ್ಮಾರಕದ ಮುಂದಿನ ನೆಲದಲ್ಲಿ ಅಮೃತಶಿಲೆಯ ಭೂಪಟ. ಯಾವ ಕರಾವಳಿಗೆ ಯಾವ ವರ್ಷ ತಲುಪಿದರೆಂದು ಅದರಲ್ಲಿ ಕೆತ್ತಿದ್ದಾರೆ. 1498 ಎಂಬ ಅಂಕಿಯ ಬಳಿ ಚಪ್ಪಲಿ ಬಿಟ್ಟು ನಿಂತೆ. ಬಿಸಿಲಿಗೆ ಕಲ್ಲು ಸುಡುತ್ತಿತ್ತು. ಅದೇ ವರ್ಷ ಮರಳುವ ದಾರಿಯಲ್ಲಿ ಆತ ಹಡಗುಗಳ ದುರಸ್ತಿಗೆ ತಂಗಿದ್ದ ಅಂಜುದೀವ ಕಾರವಾರದ ಕಡಲಿನಲ್ಲಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದಿದ್ದನೆಂಬ ಪ್ರತೀತಿಯೂ ಉಂಟು. ಭೂಪಟದಲ್ಲಿ ಇವೆರಡಕ್ಕೂ ಜಾಗವಿಲ್ಲ, ಉಳ್ಳಾಲದ ಅಬ್ಬಕ್ಕನಿಗಂತೂ ಇಲ್ಲವೇ ಇಲ್ಲ.

ಬೆಲೆಂ ಗೋಪುರದಲ್ಲಿ ನಾನು ಹುಡುಕಿಕೊಂಡು ಹೋದದ್ದು ಒಂದೇ ಒಂದು ಶಿಲ್ಪವನ್ನು. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು 1515ರ ಮೇ ತಿಂಗಳಿನಲ್ಲಿ ಹಡಗಿನಲ್ಲಿ ಲಿಸ್ಬನ್ ತಲುಪಿತ್ತು. ಅದನ್ನು ಕಣ್ಣಾರೆ ಕಾಣದೆಯೇ ಜರ್ಮನಿಯ ಡ್ಯೂರರ್ ಕೆತ್ತಿದ ಚಿತ್ರ ಜಗತ್ಪ್ರಸಿದ್ಧವಾಯಿತು. ಆಗ ಕಟ್ಟುತ್ತಿದ್ದ ಈ ಗೋಪುರದ ಮೂಲೆಯ ಕಾವಲುಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆಯೊಂದನ್ನು ಕೆತ್ತಿಟ್ಟಿದ್ದಾರೆ. ಐನೂರು ವರ್ಷಗಳ ಉಪ್ಪುಗಾಳಿಗೆ ಅದರ ಮೂತಿ ತೊಳೆದುಹೋಗಿ, ಈಗ ಅದು ಮೆದ್ದ ಬೆಲ್ಲದಚ್ಚಿನಂತೆ ಕಾಣುತ್ತದೆ. ಅಕ್ಕಪಕ್ಕದವರಿಗೆ ತೋರಿಸಿದರೂ ಅವರು ನಂಬಲಿಲ್ಲ.

ಮರಳುವಾಗ 1837ರಿಂದ ನಡೆದುಬಂದಿರುವ ಅಂಗಡಿಯಲ್ಲಿ ಮೊಟ್ಟೆಯ ಹಳದಿಯ ಪುಟ್ಟ ಕಜ್ಜಾಯಗಳನ್ನು ತಿಂದೆ. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಳ್ಳಬೇಕು. ಒಂದನ್ನು ತಿಂದು ಏಳುವುದು ಸಾಧ್ಯವಿಲ್ಲ. ನಾನು ಮೂರು ತಿಂದೆ.

ಜೂನ್ 12, ಬೈಷ ಮತ್ತು ರಾತ್ರಿಯ ಅಲ್ಫಾಮ

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಕಲ್ಲಿನ ಚಾವಣಿಗಳಿಗೆ ಹೆದರಿ ಬಯಲೆಂದು ನದಿತೀರಕ್ಕೆ ಓಡಿದವರನ್ನು ಕಡಲು ಉಕ್ಕಿ ಬಂದು ಎಳೆದೊಯ್ದಿತು. ಹಬ್ಬದ ದೀಪಗಳಿಂದಲೂ ಒಲೆಗಳಿಂದಲೂ ಹೊತ್ತಿದ ಬೆಂಕಿ ಉಳಿದ ನಗರವನ್ನು ದಿನಗಟ್ಟಲೆ ಸುಟ್ಟಿತು. ಕಾರ್ಮೊ ಮಠದ ಇಗರ್ಜಿಯನ್ನು ಇಂದಿಗೂ ಚಾವಣಿ ಇಲ್ಲದೆ ಬಿಟ್ಟಿದ್ದಾರೆ. ಕಮಾನುಗಳು ಮೇಲಕ್ಕೆ ಹೋಗಿ ಆಕಾಶದಲ್ಲಿ ಒಂದನ್ನೊಂದು ಮುಟ್ಟುತ್ತವೆ. ಕೆಳಗೆ ಪ್ರಾರ್ಥನೆಯ ಬೆಂಚುಗಳಿರಬೇಕಾದಲ್ಲಿ ಹುಲ್ಲು. ಮೀನಿನ ಮಾಂಸ ಕಳಚಿ ಮುಳ್ಳು ಮಾತ್ರ ಉಳಿದ ಹಾಗೆ.

ನನಗೆ ಇಷ್ಟವಾದದ್ದು ಈ ದುರಂತದ ನಂತರದ ಕತೆ. ರಾಜ ಜುಜೆ ಕಲ್ಲಿನ ಮನೆಯೊಳಗೆ ಮಲಗಲು ಹೆದರಿ, ಬದುಕಿನ ಉಳಿದ ವರ್ಷಗಳನ್ನು ಡೇರೆಗಳಲ್ಲಿಯೂ ಮರದ ಅರಮನೆಯಲ್ಲಿಯೂ ಕಳೆದ. ಊರು ಕಟ್ಟುವ ಕೆಲಸ ಮಂತ್ರಿ ಪೊಂಬಾಲನ ಪಾಲಿಗೆ ಬಂತು. ಲಿಸ್ಬನ್ನಿನ ತಗ್ಗಿನ ಪೇಟೆಯಾದ ಬೈಷದ ನೇರ ಬೀದಿಗಳು, ಒಂದೇ ಎತ್ತರದ ಮನೆಗಳು ಆತನ ಕಾಲದವು. ಹೊರಗಿನಿಂದ ನೋಡಿದರೆ ಸಪ್ಪೆ ಎನ್ನಿಸಬಹುದು, ಜಾಣತನ ಗೋಡೆಯೊಳಗಿದೆ. ಪ್ರತಿ ಮನೆಯ ಗೋಡೆಯಲ್ಲಿ ಅಡ್ಡ, ಉದ್ದ, ಓರೆ ತೊಲೆಗಳನ್ನು ಹೆಣೆದ ಮರದ ಪಂಜರವಿದೆ. ಭೂಮಿ ಅಲುಗಿದರೆ ಕಲ್ಲು ಉದುರಿದರೂ ಪಂಜರ ಬಾಗಿ ನಿಲ್ಲಲೆಂದು ಅದನ್ನು ಮಾಡಿದ್ದರು. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರನ್ನು ಹೆಜ್ಜೆ ಕುಟ್ಟಿ ನಡೆಸಿ ಪರೀಕ್ಷಿಸಿದರಂತೆ. ಬೀದಿಗಳನ್ನು ಕಸುಬಿಗೊಂದರಂತೆ ಹಂಚಿದರು: ಚಿನ್ನದ ಬೀದಿ, ಬೆಳ್ಳಿಯ ಬೀದಿ, ಚಮ್ಮಾರರ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಗಳಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾರ್ಮೊದ ಮುಂದಿನ ಪುಟ್ಟ ಚೌಕ ಇನ್ನೊಂದು ಕಾರಣಕ್ಕೂ ನೋಡತಕ್ಕದ್ದು. 1974ರ ಏಪ್ರಿಲ್ 25ರಂದು, ಬಂದೂಕಿನ ಬಾಯಿಗೆ ಕಾರ್ನೇಷನ್ ಹೂ ಸಿಕ್ಕಿಸಿಕೊಂಡ ಸೈನಿಕರು ಸರ್ವಾಧಿಕಾರವನ್ನು ಕೊನೆಗಾಣಿಸಿದ್ದು ಇಲ್ಲಿಯ ಠಾಣೆಯ ಮುಂದೆ. 1961ರಲ್ಲಿಯೇ ಗೋವೆ ಬಿಡುಗಡೆಯಾಗಿದ್ದರೂ ಅದು ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡದ್ದು ಈ ಕ್ರಾಂತಿಯ ನಂತರ, ಅದೇ ವರ್ಷದ ಡಿಸೆಂಬರಿನಲ್ಲಿ. ಚೌಕದ ನೆರಳಿನಲ್ಲಿ ಜಕರಂಡ ಮರಗಳು ನೇರಳೆ ಹೂ ಉದುರಿಸುತ್ತಿದ್ದವು. ಲಿಸ್ಬನ್ನಿನ ಕಾಲುದಾರಿಗಳಿಗೆ ಹಾಸಿರುವ ಸುಣ್ಣಕಲ್ಲಿನ ಚಿಕ್ಕ ಚೌಕಗಳು ಜನರ ಕಾಲಿಗೆ ಸಿಕ್ಕಿ ಗಾಜಿನಂತೆ ನುಣುಪಾಗಿರುತ್ತವೆ. ಬಿದ್ದ ಹೂವಿನ ಮೇಲೆ ಕಾಲಿಟ್ಟು ನಾನು ಜಾರಿ ಕುಳಿತೆ. ಕೈ ಹಿಡಿದು ಎಬ್ಬಿಸಿದ ಹುಡುಗಿಗೆ "ಒಬ್ರಿಗಾದ" ಎಂದೆ. ಹೆಂಗಸರು ಧನ್ಯವಾದ ಹೇಳುವ ಪರಿ ಇದು. ಗಂಡಸರಾದರೆ ಕೊನೆಯ ಅಕ್ಷರ ಬದಲಾಗುತ್ತದೆ.

ಆ ರಾತ್ರಿ ಸಂತ ಅಂತೋನಿಯ ಹಬ್ಬ. ಪಡುವಾದ ಸಂತನೆಂದು ಲೋಕವೆಲ್ಲ ಕರೆಯುವ ಅಂತೋನಿ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ದೊಡ್ಡ ಇಗರ್ಜಿಯ ಪಕ್ಕದಲ್ಲಿಯೇ. ಈ ಊರಿನವರು ಅವನನ್ನು ಪಡುವಾಕ್ಕೆ ಬಿಟ್ಟುಕೊಡಲು ತಯಾರಿಲ್ಲ. ಅಲ್ಫಾಮದ ಪ್ರತಿ ಓಣಿಗೂ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ಪ್ರತಿ ಬಾಗಿಲಲ್ಲಿಯೂ ಕೆಂಡದ ಮೇಲೆ ಸಾರ್ಡಿನ್, ಎಂದರೆ ನಮ್ಮ ಬೂತಾಯಿ. ಕಲ್ಲುಪ್ಪನ್ನಷ್ಟೇ ಹಾಕಿ, ಕರುಳು ತೆಗೆಯದೆ ಸುಟ್ಟು, ಒಂದು ತುಂಡು ಬ್ರೆಡ್ಡಿನ ಮೇಲಿಟ್ಟು ಕೊಡುತ್ತಾರೆ. ಮೀನಿನ ಕೊಬ್ಬು ಬ್ರೆಡ್ಡಿಗೆ ಇಳಿದ ಮೇಲೆ ಅದನ್ನು ತಿನ್ನುವುದೇ ಕೊನೆಯ ತುತ್ತು. ಮಸಾಲೆ ಇಲ್ಲದ ಬೂತಾಯಿಯನ್ನು ನಾನು ಮೆಚ್ಚುವೆನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಅಷ್ಟು ದೂರದಿಂದ ಮೆಣಸು ತಂದವರ ಹಬ್ಬದೂಟದಲ್ಲಿ ಮೆಣಸಿಲ್ಲ ಎಂಬುದನ್ನು ಮಾತ್ರ ಟಿಪ್ಪಣಿ ಮಾಡಿಕೊಂಡೆ.

ಮೆಟ್ಟಿಲ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಪುಟ್ಟ ಮಡಕೆಗಳಲ್ಲಿ ದುಂಡಗಿನ ಗಿಡಗಳನ್ನು ಮಾರುತ್ತಿದ್ದರು. ಕಂಡೊಡನೆ ತುಳಸಿ ಎಂದುಕೊಂಡೆ. ಮಂಜೆರಿಕು ಎಂದು ಹೆಸರು. ತುಳಸಿಯ ದಾಯಾದಿ, ಎಲೆಗಳು ಇನ್ನೂ ಸಣ್ಣ. ಪ್ರತಿ ಮಡಕೆಯಲ್ಲಿ ಒಂದು ಕಾಗದದ ಹೂ, ಜೊತೆಗೆ ನಾಲ್ಕು ಸಾಲಿನ ಪ್ರೇಮಪದ್ಯ ಬರೆದ ಪುಟ್ಟ ಬಾವುಟ. ಹುಡುಗರು ತಮ್ಮ ಹುಡುಗಿಯರಿಗೆ ಕೊಡುವ ಗಿಡವಂತೆ. ನಾನು ಬಗ್ಗಿ ಮೂಸಿನೋಡಲು ಹೋದಾಗ ಅಜ್ಜಿ ಹೌಹಾರಿ ನನ್ನ ಮುಖಕ್ಕೆ ಕೈ ಅಡ್ಡ ಹಿಡಿದರು. ಮೂಗು ತಾಗಿಸಿದರೆ ಗಿಡ ಬಾಡುತ್ತದಂತೆ. ಅಂಗೈಯನ್ನು ಗಿಡದ ನೆತ್ತಿಯ ಮೇಲೆ ಮೆಲ್ಲಗೆ ಆಡಿಸಿ, ಆಮೇಲೆ ಅಂಗೈಯನ್ನು ಮೂಸಬೇಕು. ಹಾಗೆಯೇ ಮಾಡಿದೆ. ಆರತಿ ತೆಗೆದುಕೊಂಡ ಹಾಗಾಯಿತು. ಒಂದು ಗಿಡ ಕೊಂಡೆ. ಅದನ್ನು ಎಲ್ಲಿಗೆ ಒಯ್ಯುವುದೆಂಬ ಯೋಚನೆ ಕೊಂಡ ಮೇಲೆ ಬಂತು.

ಬೆಳಗಿನ ನಾಲ್ಕರವರೆಗೆ ಹಾಡು ನಿಲ್ಲಲಿಲ್ಲ.

ಜೂನ್ 13, ಎವೊರಾ

ಗಿಡಕ್ಕೆ ನೀರು ಹಾಕಿ ಕೋಣೆಯ ಕಿಟಕಿಯಲ್ಲಿಟ್ಟು, ಒಂದು ದಿನದ ಮಟ್ಟಿಗೆ ಎವೊರಾಕ್ಕೆ ರೈಲು ಹತ್ತಿದೆ. ಒಂದೂವರೆ ಗಂಟೆಯ ದಾರಿ. ಅಲೆಂತೇಜು ಬಯಲಿನಲ್ಲಿ ಒಂದರಿಂದೊಂದು ದೂರ ದೂರ ನಿಂತ ಓಕ್ ಮರಗಳ ಕಾಂಡಗಳು ಸೊಂಟದವರೆಗೆ ಚರ್ಮ ಸುಲಿದಂತೆ ಕೆಂಪಾಗಿದ್ದವು, ಒಂದೊಂದರ ಮೇಲೆಯೂ ಬಿಳಿ ಬಣ್ಣದಲ್ಲಿ ಒಂದು ಅಂಕಿ. ಇವು ಬಿರಡೆಯ ಮರಗಳು. ತೊಗಟೆ ಸುಲಿದ ವರ್ಷದ ಕೊನೆಯ ಅಂಕಿಯನ್ನು ಬರೆದಿಡುತ್ತಾರೆ, ಏಕೆಂದರೆ ಮುಂದಿನ ಸುಲಿತಕ್ಕೆ ಒಂಬತ್ತು ವರ್ಷ ಕಾಯಬೇಕು. ಮೊದಲ ಸುಲಿತಕ್ಕೇ ಮರಕ್ಕೆ ಇಪ್ಪತ್ತೈದು ವರ್ಷವಾಗಿರಬೇಕು; ಬಾಟಲಿಯ ಬಿರಡೆಗೆ ತಕ್ಕ ತೊಗಟೆ ಸಿಗುವುದು ಮೂರನೆಯ ಸುಲಿತದಲ್ಲಿ. ಅಡಿಕೆ ಸಸಿ ನೆಟ್ಟು ಫಸಲಿಗೆ ಕಾಯುವವರ ತಾಳ್ಮೆ ಇದರ ಮುಂದೆ ಏನೂ ಅಲ್ಲ.

ಎವೊರಾದ ನೆತ್ತಿಯ ಮೇಲೆ ಮೊದಲ ಶತಮಾನದ ರೋಮನ್ ದೇಗುಲದ 14 ಕಂಬಗಳು ನಿಂತಿವೆ. ಮೈ ಕಣಶಿಲೆ, ತಲೆ ಅಮೃತಶಿಲೆ. ಡಯಾನಾ ದೇವಿಯ ಗುಡಿಯೆಂಬುದು ಜನರ ಬಾಯಿಮಾತು, ಚಕ್ರವರ್ತಿಯ ಪೂಜೆಗೆ ಕಟ್ಟಿದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಕಂಬಗಳು ಉಳಿದುಕೊಂಡದ್ದು ಭಕ್ತಿಯಿಂದಲ್ಲ: ನಡುವಿನ ಸಂದುಗಳಿಗೆ ಗೋಡೆ ಕಟ್ಟಿ, 1836ರವರೆಗೆ ಕಸಾಯಿಖಾನೆಯಾಗಿ ಬಳಸಿದ್ದರು. ಬಳಕೆಯಲ್ಲಿದ್ದ ಕಟ್ಟಡವನ್ನು ಯಾರೂ ಕೆಡವಲಿಲ್ಲ.

ಸಂತ ಫ್ರಾನ್ಸಿಸನ ಇಗರ್ಜಿಗೆ ಸೇರಿದ ಎಲುಬುಗಳ ಗುಡಿಯ ಬಾಗಿಲಿನ ಮೇಲೆ ಒಂದು ಸಾಲು: "ಇಲ್ಲಿರುವ ಎಲುಬುಗಳಾದ ನಾವು ನಿಮ್ಮ ಎಲುಬುಗಳಿಗಾಗಿ ಕಾಯುತ್ತಿದ್ದೇವೆ." ತುಂಬಿಹೋದ ಸ್ಮಶಾನಗಳಿಂದ ತೆಗೆದ ಸುಮಾರು 5000 ಜನರ ಎಲುಬು, ಬುರುಡೆಗಳನ್ನು ಪಾದ್ರಿಗಳು ಗಾರೆಯಲ್ಲಿ ಸಾಲಾಗಿ ಕೂರಿಸಿದ್ದಾರೆ. ತೊಡೆಯೆಲುಬಿನ ತುದಿಗಳು ಹೊರಮುಖವಾಗಿ, ಸೌದೆ ಪೇರಿಸಿದಂತೆ. ಹೆದರಿಕೆಯಾಗಲಿಲ್ಲ, ಹತ್ತು ನಿಮಿಷದಲ್ಲಿ ಕಣ್ಣು ಅದನ್ನು ಗೋಡೆಯ ವಿನ್ಯಾಸವೆಂದೇ ನೋಡತೊಡಗಿದ್ದು ಕಂಡು ಮುಜುಗರವಾಯಿತು, ಹೊರಗೆ ಬಂದೆ. ಊರಿನ ಅಂಚಿನಲ್ಲಿ ಹದಿನಾರನೆಯ ಶತಮಾನದ ಮೇಲ್ಗಾಲುವೆಯ ಕಮಾನುಗಳೊಳಗೆ ಜನ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಒಂದು ಬಾಗಿಲ ಮುಂದೆ ಹೆಂಗಸೊಬ್ಬರು ಬಾಲ್ದಿಯಲ್ಲಿ ನೀರು ತಂದು ಮೆಟ್ಟಿಲು ತೊಳೆಯುತ್ತಿದ್ದರು. ಬಾಲ್ದಿಯನ್ನು ಬೆರಳು ಮಾಡಿ ತೋರಿಸಿ ಹೆಸರು ಕೇಳಿದೆ. "ಬಾಲ್ದ್" ಎಂದರು. ಪಟ್ಟಿ ಬೆಳೆಯಿತು.

ಜೂನ್ 14, ಕೊಯಿಂಬ್ರಾ

ಮಡಕೆಯನ್ನು ಬಟ್ಟೆಯ ಚೀಲದಲ್ಲಿಟ್ಟು, ರೈಲಿನಲ್ಲಿ ಕಿಟಕಿಯ ಬಳಿ ಕೂರಿಸಿಕೊಂಡು ಹೊರಟೆ. ಒಂಟಿ ಪ್ರಯಾಣಿಕಳೊಂದಿಗೆ ಯಾರೂ ಮಾತನಾಡದಿರಬಹುದು. ಮಂಜೆರಿಕು ಹಿಡಿದವಳೊಂದಿಗೆ ಎಲ್ಲರೂ ಮಾತನಾಡುತ್ತಾರೆ. ಯಾರು ಕೊಟ್ಟರೆಂದು ಎದುರಿಗಿದ್ದ ಅಜ್ಜ ಕಣ್ಣು ಮಿಟುಕಿಸಿ ಕೇಳಿದರು. ನಾನೇ ಕೊಂಡದ್ದೆಂದಾಗ ಅವರಿಗೆ ಮರುಕವಾಯಿತು.

1290ರಲ್ಲಿ ಲಿಸ್ಬನ್ನಿನಲ್ಲಿ ಆರಂಭವಾಗಿ, ಎರಡೂ ಊರುಗಳ ನಡುವೆ ಹೋಗಿ ಬಂದು ಮಾಡಿ, 1537ರಲ್ಲಿ ಕೊಯಿಂಬ್ರಾದಲ್ಲಿ ನೆಲೆನಿಂತ ವಿಶ್ವವಿದ್ಯಾಲಯ ಗುಡ್ಡದ ಮೇಲಿದೆ. ಅಲ್ಲಿಯ ಜುಆನಿನ ಗ್ರಂಥಾಲಯವನ್ನು ರಾಜ ಐದನೆಯ ಜುಆವ್ 1717ರಿಂದ ಕಟ್ಟಿಸಿದ. ಚಿನ್ನದ ಲೇಪ, ಚಾವಣಿಯ ಚಿತ್ರಗಳು ಎಲ್ಲ ಸರಿ. ಎರಡು ಮೀಟರಿಗೂ ದಪ್ಪದ ಗೋಡೆಗಳು ಒಳಗಿನ ಹವೆಯನ್ನು ಹದವಾಗಿಡುವುದೂ ಸರಿ. ನನ್ನ ಮನಸ್ಸು ಮಾತ್ರ ಬಾವಲಿಗಳಲ್ಲಿತ್ತು. ಕಪಾಟುಗಳ ಹಿಂದೆ ವಾಸಿಸುವ ಪುಟ್ಟ ಬಾವಲಿಗಳು ರಾತ್ರಿ ಹೊರಬಂದು ಪುಸ್ತಕದ ಹುಳುಗಳನ್ನು ತಿನ್ನುತ್ತವೆ. ಅವುಗಳ ಹಿಕ್ಕೆ ಬೀಳದಂತೆ ಸಿಬ್ಬಂದಿ ಪ್ರತಿ ಸಂಜೆ ಮೇಜುಗಳಿಗೆ ತೊಗಲಿನ ಹೊದಿಕೆ ಹಾಕಿ, ಬೆಳಿಗ್ಗೆ ತೆಗೆದು ನೆಲ ಗುಡಿಸುತ್ತಾರೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಗೆದ್ದಲಿಗೆ ಆಹುತಿಯಾದ ಕಪಾಟುಗಳು ನೆನಪಾಗಿ, ಈ ಏರ್ಪಾಟು ನನಗೆ ಚಿನ್ನದ ಲೇಪಕ್ಕಿಂತ ಘನವಾಗಿ ಕಂಡಿತು.

ಸಂಜೆ ಕರಿಯ ಮೇಲಂಗಿ ಹೊದ್ದ ಗಂಡಸರು ಫಾದು ಎಂಬ ಪೋರ್ಚುಗೀಸ್ ಹಾಡುಗಳನ್ನು ಹಾಡಿದರು. ಲಿಸ್ಬನ್ನಿನಂತೆ ಇಲ್ಲಿ ಹೆಂಗಸರು ಹಾಡುವ ರೂಢಿ ಇಲ್ಲ. ಮೆಚ್ಚುಗೆಗೆ ಚಪ್ಪಾಳೆ ತಟ್ಟದೆ ಗಂಟಲು ಸರಿಮಾಡಿಕೊಂಡಂತೆ ಕೆಮ್ಮುವುದು ಇಲ್ಲಿಯ ಪದ್ಧತಿ. ನನಗೆ ಲಿಸ್ಬನ್ನಿನ ರಾತ್ರಿಯಿಂದ ನಿಜವಾದ ಕೆಮ್ಮೇ ಹತ್ತಿಕೊಂಡಿತ್ತು. ಹಾಡುಗಾರರು ನನ್ನತ್ತ ಎರಡು ಬಾರಿ ತಲೆಬಾಗಿದರು.

ಜೂನ್ 15 ಮತ್ತು 16, ಪೋರ್ಟೊ

ಸಾವ್ ಬೆಂತು ನಿಲ್ದಾಣದಲ್ಲಿ ಇಳಿದವರೆಲ್ಲ ಹೊರಹೋಗುವುದನ್ನು ಮರೆತು ಗೋಡೆ ನೋಡುತ್ತ ನಿಲ್ಲುತ್ತಾರೆ. ಜಾರ್ಜ್ ಕೊಲಾಸು ಎಂಬ ಕಲಾವಿದ ಸುಮಾರು 20,000 ಹೆಂಚುಗಳಲ್ಲಿ ಬಿಡಿಸಿದ ಚಿತ್ರಗಳು ಅವು; ನಿಲ್ದಾಣ ತೆರೆದದ್ದು 1916ರಲ್ಲಿ. ಬೆಲೆಂ ಸ್ಮಾರಕದ ಒಂಟಿ ಹೆಂಗಸು ಫಿಲಿಪ್ಪ ಇಲ್ಲಿ ಕುದುರೆಯೇರಿ, ಮದುವೆಗೆಂದು 1387ರಲ್ಲಿ ಪೋರ್ಟೊ ಪ್ರವೇಶಿಸುತ್ತಿದ್ದಾಳೆ. ಪಕ್ಕದಲ್ಲಿ ಉತ್ತರ ಆಫ್ರಿಕದ ಸೆಯುಟಾ ಊರಿನ ಮೇಲೆ 1415ರಲ್ಲಿ ನಡೆದ ಆಕ್ರಮಣ. ಆ ದಂಡಯಾತ್ರೆಗೆ ಊರಿನ ಮಾಂಸವನ್ನೆಲ್ಲ ಹಡಗಿಗೆ ತುಂಬಿಕೊಟ್ಟು ತಮಗೆ ಬರಿಯ ಕರುಳು, ಬೋಟಿ ಉಳಿಸಿಕೊಂಡರೆಂದು ಪೋರ್ಟೊದವರನ್ನು ಇಂದಿಗೂ 'ಬೋಟಿ ತಿನ್ನುವವರು' ಎನ್ನುತ್ತಾರೆ. ಅವರು ಅದನ್ನು ಬಿರುದಿನಂತೆ ಹೇಳಿಕೊಳ್ಳುತ್ತಾರೆ.

ದೊರೊ ನದಿಯ ಮೇಲಿನ ಎರಡಂತಸ್ತಿನ ಕಬ್ಬಿಣದ ಸೇತುವೆ 1886ರದು. ಐಫೆಲ್ಲನ ಜೊತೆಗಾರನಾಗಿದ್ದ ಸೇರಿಗ್‌ ಅದರ ವಿನ್ಯಾಸಕಾರ. ಮೇಲಿನ ಅಂತಸ್ತಿನಿಂದ ಕಾಣುವ ನೋಟವನ್ನು ಎಲ್ಲರೂ ಫೋಟೋದಲ್ಲಿ ಕಂಡಿರುವುದರಿಂದ ಕೆಳಗಿನದನ್ನು ಹೇಳುತ್ತೇನೆ. ರಿಬೈರ ದಡದ ಗೋಡೆಯಲ್ಲಿ ಕಂಚಿನ ಫಲಕವೊಂದಿದೆ. 1809ರ ಮಾರ್ಚ್ 29ರಂದು ನೆಪೋಲಿಯನ್ನನ ಸೈನ್ಯ ಊರಿಗೆ ನುಗ್ಗಿದಾಗ, ದೋಣಿಗಳನ್ನು ಜೋಡಿಸಿ ಮಾಡಿದ್ದ ಅಂದಿನ ಸೇತುವೆಯ ಮೇಲೆ ಜನ ಕಿಕ್ಕಿರಿದು ಓಡಿ, ಅದು ಮುರಿದು ಅಸಂಖ್ಯ ಮಂದಿ ಮುಳುಗಿದರು. ಫಲಕದ ಕೆಳಗೆ ಹಚ್ಚಿಟ್ಟ ಮೊಂಬತ್ತಿಗಳು ಉರಿಯುತ್ತಿದ್ದವು. ಇನ್ನೂರು ವರ್ಷದ ಹಿಂದಿನ ಸಾವಿಗೆ ಆ ದಿನ ಯಾರೋ ದೀಪ ಹಚ್ಚಿ ಹೋಗಿದ್ದರು. ನದಿಯಾಚೆ ಪೋರ್ಟ್ ಮದ್ಯದ ಉಗ್ರಾಣಗಳು. ಅವುಗಳಿಗಿಂತ ಈ ಫಲಕದ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಪ್ರಖ್ಯಾತ ಪುಸ್ತಕದಂಗಡಿಯ ಮುಂದೆ ಟಿಕೇಟು ಹಿಡಿದು ನಿಂತವರ ಸಾಲು ಕಂಡು ಹಾಗೆಯೇ ಮುಂದೆ ನಡೆದೆ.

ಕೊನೆಯ ಮಧ್ಯಾಹ್ನ ಬೊಲ್ಯಾವ್ ಮಾರುಕಟ್ಟೆಯಲ್ಲಿ ಕೆಮ್ಮಿಗೆ ಕಷಾಯ ಮಾಡಿಕೊಳ್ಳಲು ಮೆಣಸು ಕೊಂಡೆ. 'ಪಿಮೆಂತ' ಎಂದು ಕೇಳಿದೆ. ಪೊಟ್ಟಣದ ಹಿಂದೆ ವಿಯೆಟ್ನಾಮ್ ಎಂದು ಅಚ್ಚಾಗಿತ್ತು. ಮೆಣಸನ್ನು ಅರಸಿ ಬಂದ ಇವರೇ ಅಮೆರಿಕದ ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟರು; ಬಂದ ನೆಂಟ ಮನೆಯವನ ಹೆಸರನ್ನೇ ಪಡೆದುಕೊಂಡು, ಮನೆಯವನು ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಅಂಟಿಸಿಕೊಳ್ಳಬೇಕಾಯಿತು.

ವಸತಿಗೃಹದ ಅಡುಗೆಮನೆಯಲ್ಲಿ ಮೆಣಸು ಜಜ್ಜಿ ಕುದಿಸುವಾಗ ಮನೆಯೊಡತಿ ಪಕ್ಕದಲ್ಲಿ ನಿಂತು ನೋಡಿದರು. ಅವರಿಗೂ ಒಂದು ಲೋಟ ಕೊಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡು ಕುಡಿದರು. ಮರುದಿನ ಬೆಳಿಗ್ಗೆ ನನ್ನ ವಿಮಾನ. ಮಣ್ಣು ಸಮೇತ ಗಿಡವನ್ನು ಭಾರತಕ್ಕೆ ಒಯ್ಯುವಂತಿರಲಿಲ್ಲ. ಮಂಜೆರಿಕುವನ್ನು ಅವರ ಕೈಗಿತ್ತೆ. ಇನ್ನು ಒಂದು ವಾರಕ್ಕೆ ಪೋರ್ಟೊದಲ್ಲಿ ಸಂತ ಜುಆವ್‌ನ ಹಬ್ಬ, ಅದಕ್ಕೂ ಈ ಗಿಡ ಬೇಕೇ ಬೇಕಂತೆ. ಲಿಸ್ಬನ್ನಿನ ಗಿಡವೇ ಎಂದು ಮೂಗು ಮುರಿದರೂ ಬಾಡಿದ ಎರಡು ಎಲೆಗಳನ್ನು ಚಿವುಟಿ ತೆಗೆದು, ನಲ್ಲಿಯಡಿ ನೀರು ಹಿಡಿದರು. ಎಲ್ಲಿಡುವುದೆಂದು ಸುತ್ತ ನೋಡಿ, "ಜನೇಲ" ಎಂದರು.

"ಜನೆಲು," ಎಂದೆ ನಾನು, ಮತ್ತು ಅದರ ಅಗುಳಿ ತೆಗೆದುಕೊಟ್ಟೆ.